ಶೇಂಗಾ ಹಕ್ಕಿಯ ಬಣ್ಣ

ಮೊಳಕಾಲ್ಮೂರು

2004ರ ನವೆಂಬರ್ 9, ಮಂಗಳವಾರ. ಬೆಳಿಗ್ಗೆ 5 ಗಂಟೆ 40 ನಿಮಿಷಕ್ಕೆ ನನ್ನ ಜಪಾನ್ ಪ್ರವಾಸ ಮೊಳಕಾಲ್ಮೂರಿನ ಬಸ್ ನಿಲ್ದಾಣದಲ್ಲಿ ಶುರುವಾಯಿತು. ಸಾಮಾನು ಒಟ್ಟು ಏಳು: ನನ್ನ ಸೂಟ್‌ಕೇಸು, ಈರಣ್ಣ ದೊಡ್ಡಪ್ಪನ ಟ್ರಂಕು, ಬಿಚ್ಚಿ ಕಟ್ಟಿದ ಪುಟ್ಟ ಮಗ್ಗದ ಮೂರು ಮೂಟೆ, ರಟ್ಟುಗಳ ಪೆಟ್ಟಿಗೆ, ಮತ್ತು ಅವ್ವ ಕೊನೇ ಗಳಿಗೆಯಲ್ಲಿ ತಂದು ಕೈಗಿಟ್ಟ ಒಣರೊಟ್ಟಿ, ಚಟ್ನಿಪುಡಿಯ ಗಂಟು.

ಒಸಾಕಾ ನಗರದಲ್ಲಿ ಹಲವು ದೇಶಗಳ ಕೈಕೆಲಸದ ಪ್ರದರ್ಶನವಿತ್ತು. ಸೀರೆ ತಂದು ನೇತುಹಾಕಿದರೆ ಸಾಲದು, ಜನರ ಮುಂದೆ ನೇಯ್ದು ತೋರಿಸಬೇಕು ಎಂದು ಪ್ರದರ್ಶನದವರು ಕೇಳಿದ್ದರಂತೆ. ಹೀಗಾಗಿ ನಮ್ಮ ಕೇರಿಯ ಹಿರಿಯ ನೇಕಾರ ಈರಣ್ಣ ದೊಡ್ಡಪ್ಪ ನೇಯುವುದು, ನಾನು ನಕ್ಷೆಯ ಕೆಲಸ ನೋಡಿಕೊಳ್ಳುವುದು ಎಂದಾಯಿತು. ನಕ್ಷೆ ಎಂದರೆ ಚೌಕಳಿ ಹಾಳೆಯಲ್ಲಿ ಒಂದೊಂದೇ ಮನೆ ತುಂಬಿ ಹೂವನ್ನೋ ನವಿಲನ್ನೋ ಬರೆಯುವುದು. ಹಾಳೆಯ ಒಂದು ಸಾಲಿಗೆ ಒಂದು ರಟ್ಟು. ತುಂಬಿದ ಮನೆ ಇದ್ದಲ್ಲಿ ರಟ್ಟಿಗೆ ತೂತು. ರಟ್ಟುಗಳನ್ನು ಸರಪಳಿಯಂತೆ ಹೊಲಿದು ಮಗ್ಗದ ಮೇಲೆ ಏರಿಸಿದರೆ ತೂತಿದ್ದ ಕಡೆಯ ಎಳೆ ಮೇಲೇಳುತ್ತದೆ, ಬಟ್ಟೆಯಲ್ಲಿ ಹೂವು ಬರುತ್ತದೆ. ಅಪ್ಪನಿಂದ ಕಲಿತ ಕೆಲಸ. ನನಗೆ ಆಗ ಇಪ್ಪತ್ತೊಂದು ವರ್ಷ.

"ಒಬ್ಬಳೇ ಎಲ್ಲೂ ಹೋಗ್ಬ್ಯಾಡ. ದೊಡ್ಡಪ್ಪನ್ ಜೊತೇಲೇ ಇರು," ಅಂದಳು ಅವ್ವ.

"ಅಯ್ಯೋ ತಂಗ್ಯವ್ವ, ಅವಳಿಗಾದ್ರೂ ನಾಲ್ಕಕ್ಷರ ಬರ್ತೈತೆ," ಅಂದ ದೊಡ್ಡಪ್ಪ. "ನಾನೇ ಅವಳ ಸೆರಗು ಹಿಡ್ಕಂಡು ತಿರುಗ್ಬೇಕು."

ನನ್ನ ಡೈರಿಯ ಹಿಂದಿನ ಪುಟದಲ್ಲಿ ನಾಲ್ಕು ಮಡಿಕೆಯ ಚೌಕಳಿ ಹಾಳೆಯೊಂದಿತ್ತು. ಅದರ ವಿಷಯ ಅವ್ವನಿಗೂ ಗೊತ್ತಿರಲಿಲ್ಲ, ದೊಡ್ಡಪ್ಪನಿಗೂ ಗೊತ್ತಿರಲಿಲ್ಲ.

ಚಳ್ಳಕೆರೆ, ಬಸ್ಸಿನ ಕಿಟಕಿಯಿಂದ

ಚಳ್ಳಕೆರೆಯಲ್ಲಿ ಬಸ್ಸು ಹನ್ನೊಂದು ನಿಮಿಷ ನಿಂತಿತು. ಶೇಂಗಾ ಎಣ್ಣೆ ಮಿಲ್ಲಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ದೊಡ್ಡಪ್ಪ ಇಳಿದು ಟೀ ಕುಡಿದು ಬಂದ. ನಾನು ಇಳಿಯಲಿಲ್ಲ. ನಿಲ್ದಾಣದಿಂದ ಆರು ನಿಮಿಷ ನಡೆದರೆ ನನ್ನ ಸೋದರಮಾವನ ಮನೆ. ಈ ಪ್ರವಾಸದ ಕಥೆಯ ಅರ್ಧ ಅಲ್ಲೇ ಇದೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

1996 ಮತ್ತು 97ರ ಬೇಸಿಗೆ ರಜೆಗಳನ್ನು ನಾನು ಕಳೆದದ್ದು ಆ ಮನೆಯಲ್ಲಿ. ಮಾವ ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತ. ಮದುವೆಯಾಗಿರಲಿಲ್ಲ. ಬೆಂಗಳೂರಿಗೆ ಹೋದವನು ಒಂದು ವಿಡಿಯೋ ಗೇಮ್ ಸೆಟ್ ತಂದಿದ್ದ, ತನಗಾಗಿಯೇ. ಎರಡು ದಿನ ಆಡಿ ಹೆಬ್ಬೆರಳು ನೋವೆಂದು ಬಿಟ್ಟ. ಆಮೇಲೆ ಅದು ನನ್ನದೂ ನಸೀಮಾಳದೂ ಆಯಿತು.

ನಸೀಮಾ ಪಕ್ಕದ ಮನೆಯವಳು. ಅವಳ ಅಬ್ಬಾ ಅದೇ ಮಿಲ್ಲಿನಲ್ಲಿ ಫಿಟ್ಟರ್. ನನಗಿಂತ ನಾಲ್ಕು ತಿಂಗಳು ಚಿಕ್ಕವಳು, ದನಿ ಮಾತ್ರ ನಾಲ್ಕು ಪಟ್ಟು ದೊಡ್ಡದು. ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ, 'ಬಿಸ್ಮಿಲ್ಲಾ' ಅಂದು ಅದನ್ನು ಸೆಟ್ಟಿಗೆ ಒತ್ತುತ್ತಿದ್ದಳು. ನಾನು ಒತ್ತಿದರೆ ಪರದೆಯ ಮೇಲೆ ಗೆರೆಗಳು ಬರುತ್ತಿದ್ದವು. ಇದನ್ನೂ ಬರೆದಿಟ್ಟಿದ್ದೇನೆ: ಅವಳು ಒತ್ತಿದಾಗ ಹತ್ತಕ್ಕೆ ಎಂಟು ಸಲ ಹತ್ತುತ್ತಿತ್ತು, ನಾನು ಒತ್ತಿದಾಗ ಐದು.

ಆ ಕ್ಯಾಸೆಟ್ಟಿನಲ್ಲಿ 64 ಆಟಗಳಿದ್ದವು. 23ನೆಯದು ನಮ್ಮದು. ಅದಕ್ಕೆ ಹೆಸರಿರಲಿಲ್ಲ. ಯಾರೋ ನಕಲು ಮಾಡುವಾಗ ಮೊದಲ ಪರದೆಯನ್ನೇ ಕಿತ್ತುಹಾಕಿದ್ದರು. ಸಂಖ್ಯೆ ಒತ್ತಿದರೆ ಸೀದಾ ಆಕಾಶ, ಒಂದು ಪುಟ್ಟ ಹಕ್ಕಿ, ಅದರ ಕೊಕ್ಕಿನಲ್ಲಿ ಬಿಳೀ ತುಣುಕು. ಚಳ್ಳಕೆರೆಯಲ್ಲಿ ಬೆಳೆದವರಿಗೆ ಕೊಕ್ಕಿನಲ್ಲಿ ಇನ್ನೇನು ಕಾಣಬೇಕು? ಶೇಂಗಾ ಬೀಜ. ನಾವು ಅದನ್ನು ಶೇಂಗಾ ಹಕ್ಕಿ ಎಂದು ಕರೆದೆವು. ಹಕ್ಕಿ ಎಡದಿಂದ ಬಲಕ್ಕೆ ಮಾತ್ರ ಹಾರಬಲ್ಲದು, ಹಿಂದೆ ಹೋಗುವಂತಿಲ್ಲ. ಇಬ್ಬರು ಆಡಿದರೆ ಎರಡು ಹಕ್ಕಿ. ಏಳನೇ ಸ್ಟೇಜಿನಲ್ಲಿ ಎರಡೂ ಒಂದೇ ಸಲ ಎರಡು ಕೊಂಬೆಗಳ ಮೇಲೆ ಕೂತರೆ ಬಾಗಿಲು ತೆರೆಯುತ್ತಿತ್ತು. ತೆರೆಯುತ್ತಿತ್ತು ಎಂಬುದು ನಮ್ಮ ಊಹೆ, ತೆರೆದದ್ದನ್ನು ನೋಡಿಲ್ಲ. ಎರಡು ಬೇಸಿಗೆಯ ಲೆಕ್ಕ: ಆಡಿದ ದಿನಗಳು 41, ಏಳನೇ ಸ್ಟೇಜು ಮುಟ್ಟಿದ್ದು 9 ಸಲ. ಅಲ್ಲಿ ಕರೆಂಟು ಹೋದದ್ದು 4 ಸಲ, ನಾನು ಸತ್ತದ್ದು 4 ಸಲ, ನಸೀಮಾ ಸತ್ತದ್ದು 1 ಸಲ.

"ಏ ರತ್ನಾ, ಡರ್ ನಕ್ಕೋ, ಹೆದರ್ಬ್ಯಾಡ," ಎನ್ನುತ್ತಿದ್ದಳು ಪ್ರತಿ ಸಲವೂ. "ನಾ ಕೂತಿದ್ದೀನಲ್ಲ ಕೊಂಬೆ ಮ್ಯಾಲೆ? ನೀ ಬಾ."

ಹಕ್ಕಿ ಹಾರುವಾಗ ಒಂದು ರಾಗ ಬರುತ್ತಿತ್ತು. ಮೂರು ಮೆಟ್ಟಿಲು ಹತ್ತಿ, ಅಲ್ಲಿ ನಿಂತು, ಏನೋ ಮರೆತವರ ಹಾಗೆ ಎರಡು ಮೆಟ್ಟಿಲು ಇಳಿಯುವ ರಾಗ. ನಸೀಮಾ ಅದಕ್ಕೆ ಮಾತು ಕಟ್ಟಿದ್ದಳು: "ಶೇಂಗಾ ಕೊಡೇ, ಶೇಂಗಾ ಕೊಡೇ, ಕೊಡದಿದ್ರೆ ಹೋಗ್ತೀನಿ." ಅವಳು ನಗುತ್ತಾ ಹಾಡುತ್ತಿದ್ದಳು. ನನಗೆ ಮಾತ್ರ ಅದನ್ನು ಕೇಳಿದಾಗಲೆಲ್ಲ ಸಂಜೆಯಾದಂತೆ ಅನಿಸುತ್ತಿತ್ತು. ನನಗೆ ಸ್ವರ ಬರೆಯಲು ಬರುವುದಿಲ್ಲ. ನಕ್ಷೆ ಬರೆಯಲು ಬರುತ್ತದೆ. ಚೌಕಳಿ ಹಾಳೆಯಲ್ಲಿ ದನಿ ಏರಿದರೆ ಮೇಲಿನ ಮನೆ, ಇಳಿದರೆ ಕೆಳಗಿನ ಮನೆ, ಎಳೆದರೆ ಪಕ್ಕಪಕ್ಕದ ಮನೆಗಳು, ಹೀಗೆ ಇಡೀ ರಾಗವನ್ನು ತುಂಬಿಟ್ಟೆ. ಅಪ್ಪನ ಕೈಗಡಿಯಾರ ಹಿಡಿದು ಅಳೆದೆ. ಒಂದು ಸುತ್ತಿಗೆ 36 ಸೆಕೆಂಡು.

ಮಾವನ ಟೀವಿ ಕಪ್ಪು ಬಿಳುಪು. ಹೀಗಾಗಿ ಹಕ್ಕಿಯ ಬಣ್ಣ ಯಾವುದೆಂಬ ಜಗಳ ಎರಡು ಬೇಸಿಗೆಯೂ ಮುಗಿಯಲಿಲ್ಲ.

"ಹಸಿರು," ಅಂದೆ ನಾನು. "ಗಿಳಿ ಜಾತಿ ಇರ್ಬೇಕು."

"ಗಿಳಿ ಅಂತೆ ಗಿಳಿ! ಲಾಲ್ ಐತೆ ಅದು, ಕೆಂಪು. ಶರತ್ ಕಟ್ತೀಯಾ?"

"ಏನ್ ಶರತ್ತು?"

"ಸೋತೋಳು ಗೆದ್ದೋಳಿಗೆ ಜಿಂದಗಿ ಪೂರಾ ಆಪಾ ಅನ್ಬೇಕು."

ಆಪಾ ಎಂದರೆ ಅಕ್ಕ. ನಾಲ್ಕು ತಿಂಗಳು ಚಿಕ್ಕವಳಿಗೆ ಅಕ್ಕಾ ಎನ್ನುವುದೇ? ಕಟ್ಟಿದೆ.

1998ರ ಏಪ್ರಿಲ್‌ನಲ್ಲಿ ನಾನು ಹೋದಾಗ ಪಕ್ಕದ ಮನೆಯ ತಂತಿಯ ಮೇಲೆ ಬೇರೆ ಯಾರದೋ ಬಟ್ಟೆ ಒಣಗುತ್ತಿದ್ದವು. ಅವಳ ಅಬ್ಬಾನಿಗೆ ಬೇರೆ ಕಡೆ ಕೆಲಸ ಸಿಕ್ಕಿತಂತೆ. ಆದೋನಿ ಎಂದರು ಒಬ್ಬರು, ರಾಯಚೂರು ಎಂದರು ಇನ್ನೊಬ್ಬರು. ಮಾವನಿಗೆ ಅವರು ಹೋದ ತಿಂಗಳೂ ಸರಿಯಾಗಿ ನೆನಪಿರಲಿಲ್ಲ. ನಾನು ಆ ರಜೆಯಲ್ಲಿ ಸೆಟ್ಟನ್ನು ಒಂದೇ ಸಲ ಹಚ್ಚಿದೆ. ಕ್ಯಾಸೆಟ್ಟು ಹತ್ತಲಿಲ್ಲ. ಮರುವರ್ಷ ಮಾವ ಅದನ್ನು ಯಾರಿಗೋ ಕೊಟ್ಟ. ಸೆಟ್ಟು ಮಾತ್ರ ಅಟ್ಟ ಸೇರಿತು.

ನಕ್ಷೆಯ ಕೆಲಸಕ್ಕೆ ಕೂತ ಮೇಲೆ, 2001ರಲ್ಲಿ, ನಾನು ಒಂದು ಅಂಚು ಬರೆದೆ. ಹಿಂದೊಮ್ಮೆ ಆಟ ನಿಲ್ಲಿಸಿ, ಟೀವಿ ಗಾಜಿಗೆ ಬೆಣ್ಣೆಕಾಗದ ಹಚ್ಚಿ ಆ ಹಕ್ಕಿಯನ್ನು ತಿದ್ದಿಕೊಂಡಿದ್ದೆ. ಹದಿನಾರು ಮನೆ ಅಗಲ, ಹದಿನಾರು ಮನೆ ಎತ್ತರ. ಅದನ್ನೇ ಸಾಲಾಗಿ ಕೂರಿಸಿದೆ. ಅಪ್ಪ ಹಾಳೆಯನ್ನು ದೂರ ಹಿಡಿದು ನೋಡಿ, "ಇದ್ಯಾವ ಹಕ್ಕೀನವ್ವ? ನಮ್ ಕಡೆ ಕಂಡಿಲ್ಲ," ಅಂದರು. ಆದರೆ ಬೇಡ ಅನ್ನಲಿಲ್ಲ. ಈವರೆಗೆ ಆ ಅಂಚಿನ 23 ಸೀರೆಗಳು ನಮ್ಮ ಮನೆಯಿಂದ ಹೊರಗೆ ಹೋಗಿವೆ. ಎಲ್ಲದರಲ್ಲೂ ಹಕ್ಕಿ ಹಸಿರು. ಎಲ್ಲಾದರೂ ಒಂದು ಮದುವೆಯಲ್ಲಿ, ಒಂದು ಬಸ್ಸಿನಲ್ಲಿ ನಸೀಮಾ ಅದನ್ನು ಕಂಡರೆ, ಜಗಳ ಆಡುವುದಕ್ಕಾದರೂ ನನ್ನನ್ನು ಹುಡುಕಿಕೊಂಡು ಬರುತ್ತಾಳೆ ಎಂದುಕೊಂಡಿದ್ದೆ. ಬರಲಿಲ್ಲ.

ಅಂಥ ಆಟಗಳೆಲ್ಲ ಜಪಾನಿನವು ಎಂದು ಯಾರೋ ಹೇಳಿದ್ದರು. ನಾನು ಒಸಾಕಾಕ್ಕೆ ಹೊರಟಿದ್ದು ನಕ್ಷೆ ತೋರಿಸಲು, ನಿಜ. ಆದರೆ ಡೈರಿಯ ಮೊದಲ ಪುಟದಲ್ಲಿ ಬರೆದುಕೊಂಡದ್ದು ಬೇರೆ: ಒಂದು, ಆಟದ ಹೆಸರು. ಎರಡು, ಹಕ್ಕಿಯ ಬಣ್ಣ. ಮೂರು, ಆ ರಾಗವನ್ನು ಇನ್ನೊಮ್ಮೆ ಕೇಳುವುದು.

ಒಸಾಕಾ, ಮೊದಲ ಎರಡು ದಿನ

ವಿಮಾನದ ವಿಷಯ ಬರೆಯುವಂಥದ್ದಿಲ್ಲ. ದೊಡ್ಡಪ್ಪ ಇಡೀ ದಾರಿ ಬೆಲ್ಟು ಬಿಚ್ಚಲಿಲ್ಲ, ನಾನು ಕಿವಿಯಲ್ಲಿ ಹತ್ತಿ ಇಟ್ಟುಕೊಂಡಿದ್ದೆ, ಅಷ್ಟೆ.

ಒಸಾಕಾದಲ್ಲಿ ಯಂತ್ರಗಳು ಹಾಡುತ್ತವೆ. ರೈಲು ಬರುವ ಮುಂಚೆ ಒಂದು ರಾಗ, ಬಾಗಿಲು ಮುಚ್ಚುವಾಗ ಇನ್ನೊಂದು. ರಸ್ತೆ ದಾಟಲು ಹಸಿರು ದೀಪ ಬಂದರೆ ಕಂಬ ಹಾಡುತ್ತದೆ. ಕಸದ ಲಾರಿ ಹಾಡುತ್ತಾ ಬರುತ್ತದೆ. ನಮ್ಮ ವಸತಿಯ ಅಡುಗೆಮನೆಯಲ್ಲಿ ಅನ್ನದ ಪಾತ್ರೆ ಕೂಡ ಹಾಡಿತು.

"ಅನ್ನ ಆತು ಅಂತ ಹಾಡ್ತೈತಲ್ಲಮ್ಮಾ ಇದು!" ದೊಡ್ಡಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ನಿಮ್ ದೊಡ್ಡವ್ವ ನಲವತ್ತು ವರ್ಷದಾಗೆ ಒಂದ್ ದಿನ ಹಿಂಗ್ ಕರೀಲಿಲ್ಲ. ತಟ್ಟೆ ಕುಕ್ಕೋದು, ಅಷ್ಟೇಯ."

ಎರಡು ದಿನದಲ್ಲಿ ನಾನು ಬೇರೆ ಬೇರೆ 14 ರಾಗ ಎಣಿಸಿದೆ. ಎಲ್ಲವೂ ಚಿಕ್ಕವು, ಗುಂಡಗಿನವು, ನಮ್ಮ ಕ್ಯಾಸೆಟ್ಟಿನ ಆಟಗಳ ಸಂಬಂಧಿಕರಂಥವು. ಮನುಷ್ಯರು ಮಾತ್ರ ಸುಮ್ಮನಿದ್ದರು. ಚಳ್ಳಕೆರೆ ಬಸ್ಸಿನಲ್ಲಿ ಹತ್ತು ಜನ ಇದ್ದರೆ ಹತ್ತು ಮನೆಯ ಸುದ್ದಿ ಕಿವಿಗೆ ಬೀಳುತ್ತದೆ. ಇಲ್ಲಿ ರೈಲಿನ ಡಬ್ಬಿಯಲ್ಲಿ ನೂರು ಜನರಿದ್ದರೂ ಚಕ್ರದ ಸದ್ದೊಂದೇ. ನಿಂತೇ ನಿದ್ದೆ ಮಾಡುತ್ತಾರೆ, ಇಳಿಯುವ ನಿಲ್ದಾಣಕ್ಕೆ ಸರಿಯಾಗಿ ಕಣ್ಣು ಬಿಡುತ್ತಾರೆ.

ವಸತಿಯಲ್ಲಿ ನನಗೊಂದು ಪ್ರತ್ಯೇಕ ಕೋಣೆ ಕೊಟ್ಟಿದ್ದರು. ನನ್ನ ಜೀವನದಲ್ಲಿ ಅದುವರೆಗೆ ಒಂದು ಕೋಣೆಯಲ್ಲಿ ಒಬ್ಬಳೇ ಮಲಗಿದ ದಿನಗಳ ಸಂಖ್ಯೆ ಸೊನ್ನೆ. ನಮ್ಮ ಮನೆಯಲ್ಲಿ ಮಗ್ಗದ ಪಕ್ಕದಲ್ಲೇ ನಾಲ್ಕು ಹಾಸಿಗೆ. ಬೆಳಿಗ್ಗೆ ಎದ್ದು ಗೋಡೆಗೆ ಒರಗಿ ಕೂತೆ. ಏಳು ಗಂಟೆಯಿಂದ ಎಂಟರವರೆಗೆ ಯಾರೂ ನನ್ನ ಹೆಸರು ಕರೆಯಲಿಲ್ಲ. ಡೈರಿಯಲ್ಲಿ ಅಷ್ಟೇ ಬರೆದೆ.

ನವೆಂಬರ್ 12ರ ಬೆಳಿಗ್ಗೆ ಒಂದು ಫಜೀತಿ ಆಯಿತು. ರೈಲು ಬಂದಾಗ ಎದುರಿಗಿದ್ದ ಡಬ್ಬಿ ಹತ್ತಿದೆವು. ಸುತ್ತ ಹೆಂಗಸರು. ದೊಡ್ಡಪ್ಪ ಹತ್ತಿದ ಕೂಡಲೇ ಅವರೆಲ್ಲ ಮೆಲ್ಲಗೆ ಸರಿದು ಅವನ ಸುತ್ತ ಒಂದು ಮಾರು ಜಾಗ ಬಿಟ್ಟರು.

"ನೋಡಿದ್ಯಾ ಏಮ್ಮಾ," ಅಂದ ದೊಡ್ಡಪ್ಪ ಮೀಸೆ ತೀಡುತ್ತಾ. "ಹಿರೇರು ಅಂದ್ರೆ ಎಂಥಾ ಮರ್ಯಾದಿ! ನಮ್ ಬಸ್ನಾಗೆ ಕಾಲು ತುಳಿದ್ರೂ ಕೇಳೋರಿಲ್ಲ."

ಮುಂದಿನ ನಿಲ್ದಾಣದಲ್ಲಿ ಬಿಳೀ ಕೈಗವಸು ಹಾಕಿದ ರೈಲಿನ ನೌಕರ ಬಂದು ಬಗ್ಗಿ ನಮಸ್ಕರಿಸಿದ. ದೊಡ್ಡಪ್ಪನೂ ಬಗ್ಗಿದ. ಆತ ಕಿಟಕಿಯ ಗುಲಾಬಿ ಚೀಟಿ ತೋರಿಸಿ ಇನ್ನೊಮ್ಮೆ ಬಗ್ಗಿದ. ದೊಡ್ಡಪ್ಪ ಇನ್ನೊಮ್ಮೆ ಬಗ್ಗಿದ. ಒಟ್ಟು ಆತ ಮೂರು ಸಲ, ದೊಡ್ಡಪ್ಪ ನಾಲ್ಕು ಸಲ. ಅದು ಬೆಳಗಿನ ಹೊತ್ತು ಹೆಂಗಸರಿಗೆ ಮಾತ್ರ ಇರುವ ಡಬ್ಬಿ ಎಂದು ನಮಗೆ ತಿಳಿದದ್ದು ಸಭಾಂಗಣ ಮುಟ್ಟಿದ ಮೇಲೆ. ಹೇಳಿದವಳು ಯೂಕೊ, ನಮಗೆ ಕೊಟ್ಟಿದ್ದ ದುಭಾಷಿ.

ಯೂಕೊ ಕಾಲೇಜಿನಲ್ಲಿ ಹಿಂದಿ ಓದುತ್ತಿದ್ದ ಹುಡುಗಿ. ನನಗೆ ಬರುವ ಹಿಂದಿ ಎಂದರೆ ನಸೀಮಾಳ ಮನೆಯ ಉರ್ದು. ನನಗೆ ಬೇಡ ಎನ್ನಲು 'ಮೇರೆಕು ನಕ್ಕೋ' ಅಂದರೆ ಯೂಕೊ ಪುಸ್ತಕ ತಿರುವಿಹಾಕುತ್ತಿದ್ದಳು, ಅದರಲ್ಲಿ ನಕ್ಕೋ ಇರಲಿಲ್ಲ.

"ಇದು ಯಾವ ಊರಿನ ಹಿಂದಿ?" ಎಂದು ಕೇಳಿದಳು.

"ಚಳ್ಳಕೆರೆದು," ಅಂದೆ.

ಅವಳು ಅದನ್ನು ಬರೆದುಕೊಂಡಳು. ನನ್ನ ಬಾಯಿಂದ ನಸೀಮಾಳ ಮಾತು ಬರುವುದನ್ನು ಕೇಳಿ ಎಷ್ಟು ವರ್ಷವಾಗಿತ್ತೋ. ಇಡೀ ಒಸಾಕಾದಲ್ಲಿ ಅದನ್ನು ಗುರುತು ಹಿಡಿಯುವವರು ಯಾರೂ ಇರಲಿಲ್ಲ.

ಸಭಾಂಗಣ

ಮಗ್ಗ ಕೂರಿಸಲು ಒಂದೂವರೆ ದಿನ ಹಿಡಿಯಿತು. ಪೆಟ್ಟಿಗೆಯಲ್ಲಿ ಹಿಡಿಯಲಿ ಎಂದು ನಮ್ಮ ಹಕ್ಕಿ ಅಂಚಿನ ರಟ್ಟಿನ ಸರಪಳಿಯನ್ನು ತುಂಡು ತುಂಡು ಮಾಡಿ, ಪ್ರತಿ ರಟ್ಟಿಗೂ ಸಂಖ್ಯೆ ಬರೆದು ತಂದಿದ್ದೆ. ನಾನು ಯೂಕೊ ಜೊತೆ ಪರಿಚಯದ ಫಲಕ ಬರೆಸುತ್ತಿದ್ದಾಗ ದೊಡ್ಡಪ್ಪ ಒಬ್ಬನೇ ಅವನ್ನು ಹೊಲಿದು ಏರಿಸಿದ. ಸಂಖ್ಯೆ ಸರಿಯಾಗಿತ್ತು. ಮುಖ ತಿರುವುಮುರುವಾಗಿತ್ತು. ನಾಲ್ಕು ಬೆರಳು ನೇಯ್ದ ಮೇಲೆ ನೋಡಿದರೆ ಅಂಚಿನ ಹಕ್ಕಿಗಳೆಲ್ಲ ಬಲಗಡೆಯ ಬದಲು ಎಡಗಡೆಗೆ ಹಾರುತ್ತಿದ್ದವು.

"ದೊಡ್ಡಪ್ಪ, ಹಕ್ಕಿ ಉಲ್ಟಾ ಹೋಗ್ತಿದಾವೆ."

ಅವನು ಲಾಳಿ ನಿಲ್ಲಿಸಿ ನೋಡಿದ. "ಹೋದ್ರೆ ಹೋಗ್ಲಿ ಬಿಡಮ್ಮಾ. ಅವಕ್ಕೇನ್ ವೀಸಾ ಕೇಳ್ತಾರಾ? ಇಷ್ಟು ರಟ್ಟು ಬಿಚ್ಚಿ ಹೊಲಿಯಾದು ನನ್ ಕೈಲಾಗಲ್ಲ."

ಜನ ಬಂದರು. ನೋಡುವುದರಲ್ಲಿ ಅವರಿಗೆ ಬಹಳ ಶ್ರದ್ಧೆ. ಮಗ್ಗದಿಂದ ಎರಡು ಅಡಿ ದೂರದಲ್ಲಿ ಕೈಕಟ್ಟಿ ನಿಂತು, ಒಂದು ಮೊಳ ನೇಯುವವರೆಗೆ ಕದಲದೆ ನೋಡಿ, ಬಗ್ಗಿ ಹೋಗುತ್ತಿದ್ದರು. ನಮ್ಮ ಕಡೆಯಾದರೆ ಇಷ್ಟು ಹೊತ್ತಿಗೆ ಬಟ್ಟೆ ಮುಟ್ಟಿ, ನೂಲು ಎಳೆದು, ದೊಡ್ಡಪ್ಪನ ಮಕ್ಕಳೆಷ್ಟು ಎಂದು ಕೇಳಿ ಆಗಿರುತ್ತಿತ್ತು. ಮೊದಲ ದಿನ ಬಂದವರು 312, ನನ್ನನ್ನು ಮಾತಾಡಿಸಿದವರು 5.

ಎರಡನೇ ದಿನ, 14ನೇ ತಾರೀಕು ಭಾನುವಾರ, ಮಧ್ಯಾಹ್ನ 3:10ಕ್ಕೆ ಮೂವತ್ತು ದಾಟಿದ ಒಬ್ಬ ಮನುಷ್ಯ ಅಂಚಿನ ಮುಂದೆ ನಿಂತ. ಉಳಿದವರ ಹಾಗೆ ಕೈಕಟ್ಟಲಿಲ್ಲ. ಬಗ್ಗಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದ. ಆಮೇಲೆ ಜೋರಾಗಿ ನಕ್ಕುಬಿಟ್ಟ. ಆ ಸಭಾಂಗಣದಲ್ಲಿ ನಾನು ಕೇಳಿದ ಮೊದಲ ನಗು ಅದು. ಯೂಕೊಗೆ ಏನೋ ಹೇಳಿದ.

"ಇವರ ಹೆಸರು ಮೊರಿತಾ, ಸಿಟಿ ಬಸ್ಸಿನ ಚಾಲಕರು," ಅಂದಳು ಯೂಕೊ. "ಈ ಹಕ್ಕಿ ತಮಗೆ ಗೊತ್ತು ಅನ್ನುತ್ತಿದ್ದಾರೆ. ಆದರೆ ಬಣ್ಣ ತಪ್ಪು, ದಿಕ್ಕೂ ತಪ್ಪು. ಇದು ಹಿಂದಕ್ಕೆ ಹೋಗುತ್ತಿದೆ, ಆಟದಲ್ಲಿ ಹಾಗೆ ಹೋಗಲು ಬರುವುದಿಲ್ಲ ಅನ್ನುತ್ತಾರೆ."

ಬಣ್ಣ ಯಾವುದು ಎಂದು ಕೇಳಲು ಬಾಯಿ ತೆರೆದೆ, ಕೇಳಲಿಲ್ಲ. ಬಾಯಿಮಾತಿನಲ್ಲಿ ಬೇಡ, ಕಣ್ಣಾರೆ ನೋಡಬೇಕು. ಡೈರಿಯ ಹಿಂದಿನಿಂದ ಚೌಕಳಿ ಹಾಳೆ ತೆಗೆದು ಬಿಡಿಸಿಟ್ಟೆ. ಯೂಕೊ ಅದನ್ನು ಸೀರೆಯ ನಕ್ಷೆ ಎಂದುಕೊಂಡಳು. ಮೊರಿತಾ ಎಡತುದಿಗೆ ಬೆರಳಿಟ್ಟು ಮನೆಗಳ ಮೇಲೆ ಓಡಿಸುತ್ತಾ ಗುನುಗಿದರು. ಬೇಗ ಬೇಗ. ನನಗೆ ಗುರುತೇ ಸಿಗಲಿಲ್ಲ.

"ಹಲ್ಲೂ, ಹಲ್ಲೂ," ಅಂದೆ. ಯೂಕೊಗೆ ಆ ಮಾತು ತಿಳಿಯಲಿಲ್ಲ. ಕೈಯಿಂದ ನಿಧಾನ ಎಂದು ತೋರಿಸಿದೆ. ಅವರು ಎಳೆದು ಗುನುಗಿದರು. ಮೂರು ಮೆಟ್ಟಿಲು ಹತ್ತಿ, ನಿಂತು, ಎರಡು ಇಳಿಯಿತು.

"ಏನಮ್ಮಾ, ಯಾಕ್ ಅಳ್ತೀಯಾ? ಏನಂದ ಅವನು?" ದೊಡ್ಡಪ್ಪ ಮಗ್ಗದಿಂದ ಏಳಲು ನೋಡಿದ.

"ಏನಿಲ್ಲ ದೊಡ್ಡಪ್ಪ. ಪರಿಚಯದೋರು."

"ಇಲ್ಲಿ ನಿನಗ್ಯಾರು ಪರಿಚಯದೋರು!"

ಹಳೆಯ ಆಟಗಳ ಅಂಗಡಿ

ನವೆಂಬರ್ 16, ಮಂಗಳವಾರ ಪ್ರದರ್ಶನಕ್ಕೆ ರಜೆ. ಮೊರಿತಾ ತಮ್ಮ ರಜೆಯನ್ನೂ ಅದೇ ದಿನಕ್ಕೆ ಹೊಂದಿಸಿಕೊಂಡು, ಎಲೆಕ್ಟ್ರಿಕ್ ಸಾಮಾನಿನ ಬೀದಿಯ ಹಳೆಯ ಅಂಗಡಿಯೊಂದಕ್ಕೆ ಯೂಕೊಳನ್ನೂ ನನ್ನನ್ನೂ ಕರೆದುಕೊಂಡು ಹೋದರು. ದೊಡ್ಡಪ್ಪ ಮೊಣಕಾಲು ನೋವೆಂದು ಬರಲಿಲ್ಲ. ನೆಲದಿಂದ ಸೂರಿನವರೆಗೆ ಕ್ಯಾಸೆಟ್ಟುಗಳು, ಒಂದೊಂದಕ್ಕೂ ಪ್ಲಾಸ್ಟಿಕ್ ಹೊದಿಕೆ. ನಾವು ಒಂದೇ ಡಬ್ಬಿಯಲ್ಲಿ ಅರವತ್ನಾಲ್ಕನ್ನು ತುರುಕಿಕೊಂಡಿದ್ದೆವು. ಇಲ್ಲಿ ಪ್ರತಿ ಆಟಕ್ಕೂ ಅದರದೇ ಮನೆ ಇತ್ತು, ಹೆಸರಿತ್ತು, ಮುಖಚಿತ್ರವಿತ್ತು.

ಅಂಗಡಿಯ ಯಜಮಾನ ಮಾತಾಡದೆ ಏಣಿ ಹತ್ತಿ ಒಂದನ್ನು ತಂದ. ಚೀಟಿಯ ಮೇಲಿನ ಅಕ್ಷರಗಳನ್ನು ಓದಿ ಯೂಕೊ ಅರ್ಥ ಹೇಳಿದಳು: ಹಕ್ಕಿ ಅಂಚೆ, ಎರಡನೇ ಭಾಗ.

ಎರಡನೇ ಭಾಗ! ಹಾಗಾದರೆ ಮೊದಲನೆಯದೊಂದು ಇತ್ತು. ನಾವು ಕಥೆಯ ಮಧ್ಯದಿಂದ ಶುರು ಮಾಡಿದ್ದೆವು. ಅಂಚೆ ಏಕೆಂದು ಕೇಳುವ ಮೊದಲೇ ಮುಖಚಿತ್ರ ಕಂಡಿತು. ಹಕ್ಕಿಯ ಕೊಕ್ಕಿನಲ್ಲಿದ್ದದ್ದು ಶೇಂಗಾ ಬೀಜವಲ್ಲ, ಲಕೋಟೆ. ಎರಡು ಬೇಸಿಗೆ ನಾವು ಯಾರದೋ ಕಾಗದವನ್ನು ಶೇಂಗಾ ಎಂದುಕೊಂಡು ಹೊತ್ತಿದ್ದೆವು.

ಹಕ್ಕಿ ಕೆಂಪಗಿತ್ತು. ಕುಂಕುಮದ ಕೆಂಪಲ್ಲ, ಕೆಮ್ಮಣ್ಣಿನದೂ ಅಲ್ಲ. ನಮ್ಮ ಮಗ್ಗದ ಬಣ್ಣಗಳಲ್ಲಿ ಹೇಳುವುದಾದರೆ ಅರಗಿನ ಕೆಂಪು.

ಯಜಮಾನ ಟೀವಿಗೆ ಜೋಡಿಸಿ ಹಚ್ಚಿದ. ಯಾರೂ ಊದಲಿಲ್ಲ, ಒಂದೇ ಸಲಕ್ಕೆ ಹತ್ತಿತು. ನೀಲಿ ಆಕಾಶ ಬಂತು, ಹಕ್ಕಿ ಬಂತು, ರಾಗ ಶುರುವಾಯಿತು.

ಅದು ನನ್ನ ರಾಗವಾಗಿರಲಿಲ್ಲ.

ಮೆಟ್ಟಿಲುಗಳು ಅವೇ. ಮೂರು ಹತ್ತುತ್ತಿತ್ತು, ಎರಡು ಇಳಿಯುತ್ತಿತ್ತು. ಆದರೆ ಮಧ್ಯದಲ್ಲಿ ನಿಲ್ಲುತ್ತಿರಲಿಲ್ಲ. ಏನನ್ನೂ ಮರೆತಿರಲಿಲ್ಲ. ಶಾಲೆ ಬಿಟ್ಟ ಮಕ್ಕಳು ಓಡಿದ ಹಾಗೆ ಕುಣಿಯುತ್ತಾ ಹೋಗುತ್ತಿತ್ತು. ಕೈಗಡಿಯಾರ ನೋಡಿದೆ, ಅಪ್ಪನದೇ, ಅದೇ. ಒಂದು ಸುತ್ತಿಗೆ 30 ಸೆಕೆಂಡು. ನಂಬದೆ ಇನ್ನೂ ಎರಡು ಸುತ್ತು ಅಳೆದೆ. 30. 30.

ಡೈರಿ ತೆರೆದು 36 ಎಂದು ಬರೆದಿದ್ದನ್ನು ತೋರಿಸಿದೆ. ಯಜಮಾನ ಮೊದಲ ಬಾರಿಗೆ ಬಾಯಿ ಬಿಟ್ಟ. ಯೂಕೊ ಅದನ್ನು ಪುಸ್ತಕದ ಹಿಂದಿಯಲ್ಲಿ ಬಿಡಿಸಿ ಬಿಡಿಸಿ ಹೇಳಿದಳು. ಜಪಾನಿನ ಟೀವಿ ಒಂದು ಸೆಕೆಂಡಿಗೆ ಅರವತ್ತು ಸಲ ಚಿತ್ರ ಬರೆಯುತ್ತದೆ, ನಮ್ಮ ಕಡೆಯದು ಐವತ್ತು ಸಲ. ಆಟವೂ ಸಂಗೀತವೂ ಆ ಎಣಿಕೆಗೆ ತಕ್ಕಂತೆ ನಡೆಯುತ್ತವೆ. ನಮ್ಮ ಟೀವಿಗಾಗಿ ಯಾರೋ ಮಾಡಿದ ನಕಲು ಸೆಟ್ಟಿನಲ್ಲಿ ಎಲ್ಲವೂ ನಿಧಾನ. ನಾನು ಡೈರಿಯಲ್ಲಿ ಲೆಕ್ಕ ಹಾಕಿ ನೋಡಿದೆ. ಅರವತ್ತಕ್ಕೆ ಐವತ್ತಾದರೆ ಮೂವತ್ತಾರಕ್ಕೆ ಮೂವತ್ತು. ಒಂದು ಸೆಕೆಂಡೂ ತಪ್ಪಿರಲಿಲ್ಲ.

ಮೊರಿತಾ ಆಡಲು ಕೊಟ್ಟರು. ನನ್ನ ಬೆರಳುಗಳು ಐವತ್ತಕ್ಕೆ ಕಲಿತಿದ್ದವು. ಅಡ್ಡ ಬರುವ ಕೊಂಬೆಗಳು ನನಗಿಂತ ಮುಂಚೆ ಬಂದುಬಿಡುತ್ತಿದ್ದವು. ಒಂಬತ್ತು ಸಲ ಏಳನೇ ಸ್ಟೇಜು ಮುಟ್ಟಿದವಳು ಎರಡನೆಯದರಲ್ಲೇ ಸತ್ತೆ. ಮೊರಿತಾ ಸಂಕೋಚದಿಂದ ಕೇಳಿದರು, "ಎರಡನೇ ಹಕ್ಕಿಯನ್ನು ನಾನು ಹಿಡಿಯಲೇ? ಹುಡುಗನಾಗಿದ್ದಾಗ ಅಣ್ಣನ ಜೊತೆ ಕೊನೆಯವರೆಗೆ ಆಡಿದ್ದೇನೆ. ಏಳರ ಆಚೆ ಏನಿದೆ ಅಂತ ತೋರಿಸುತ್ತೇನೆ."

"ನಕ್ಕೋ," ಅಂದೆ.

ಆ ಮಾತು ಅಷ್ಟು ಹೊತ್ತಿಗೆ ಯೂಕೊಗೂ ಬಂದಿತ್ತು. ಅವಳು ಅದನ್ನು ಮೊರಿತಾಗೆ ಹೇಳಿದಳು. ಯಾಕೆ ಎಂದು ಇಬ್ಬರೂ ಕೇಳಲಿಲ್ಲ. ಕೇಳಿದ್ದರೂ, ಇನ್ನೊಬ್ಬಳು ಕೊಂಬೆಯ ಮೇಲೆ ಕಾಯುತ್ತಿದ್ದಾಳೆ ಎಂಬುದನ್ನು ಯಾವ ಊರಿನ ಹಿಂದಿಯಲ್ಲಿ ಹೇಳುವುದು?

ಬೀದಿಗೆ ಬಂದಾಗ ಹಸಿರು ದೀಪದ ಕಂಬ ಹಾಡುತ್ತಿತ್ತು. ಎಲ್ಲರೂ ದಾಟಿದರು. ನಾನು ಅದರ ರಾಗ ಮುಗಿಯುವವರೆಗೆ ನಿಂತು, ಆ ದೀಪ ತಪ್ಪಿಸಿಕೊಂಡು, ಮುಂದಿನದಕ್ಕೆ ಕಾದೆ. ಹೊರಡುವ ದಿನ ಮೊರಿತಾ ಸಭಾಂಗಣಕ್ಕೆ ಬಂದು ಪೊಟ್ಟಣವೊಂದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅದರಲ್ಲಿ ಆ ಕ್ಯಾಸೆಟ್ಟಿತ್ತು. ನಾನು ಉಲ್ಟಾ ಹಕ್ಕಿಗಳ ಅಂಚಿನ ಎರಡು ಮೊಳ ಬಟ್ಟೆಯನ್ನು ಕತ್ತರಿಸಿ ಅವರಿಗೆ ಕೊಟ್ಟೆ.

"ಉಲ್ಟಾ ನೇಯ್ದಿದ್ಕೇ ಉಡುಗೊರೆ ಆತು ನೋಡು," ಅಂದ ದೊಡ್ಡಪ್ಪ. "ಸರಿಯಾಗಿ ನೇಯ್ದಿದ್ರೆ ಅವನು ನಗ್ತಿದ್ನಾ?"

ಚಳ್ಳಕೆರೆ

ನವೆಂಬರ್ 28, ಭಾನುವಾರ, ಬೆಳಿಗ್ಗೆ 10:20. ಈ ಸಲ ಚಳ್ಳಕೆರೆಯಲ್ಲಿ ಇಳಿದೆ. ಮಾವನಿಗೆ ಈಗ ಮದುವೆಯಾಗಿದೆ, ಟೀವಿ ಬಣ್ಣದ್ದಾಗಿದೆ. ಸೆಟ್ಟು ಅಟ್ಟದಲ್ಲಿ ಹಳೇ ಕೊಡಪಾನಗಳ ಹಿಂದಿತ್ತು.

"ಅದ್ಯಾಕೆ ಈಗ? ಸತ್ತೋಗಿರ್ತೈತೆ ಬಿಡೇ," ಅಂದ ಮಾವ.

ಒರೆಸಿದೆ, ವೈರು ಚುಚ್ಚಿದೆ. ಕ್ಯಾಸೆಟ್ಟು ಅದರ ಬಾಯಿಗೆ ಸರಿಯಾಗಿ ಕೂತಿತು. ಮೊದಲ ಸಲ ಗೆರೆಗಳು. ಎರಡನೇ ಸಲವೂ ಗೆರೆಗಳು. ಮೂರನೇ ಸಲ ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ, ಮಾವನ ಹೆಂಡತಿ ಅಡುಗೆಮನೆಯಲ್ಲಿರುವುದನ್ನು ನೋಡಿಕೊಂಡು, ಮೆಲ್ಲಗೆ 'ಬಿಸ್ಮಿಲ್ಲಾ' ಅಂದು ಒತ್ತಿದೆ.

ಆಕಾಶ ನೀಲಿ. ಹಕ್ಕಿ ಕೆಂಪು. ರಾಗ ಮೂರು ಮೆಟ್ಟಿಲು ಹತ್ತಿ, ಅಲ್ಲಿ ನಿಂತು, ಏನೋ ಮರೆತವರ ಹಾಗೆ ಎರಡು ಮೆಟ್ಟಿಲು ಇಳಿಯಿತು. ಒಂದು ಸುತ್ತಿಗೆ 36 ಸೆಕೆಂಡು. ಜಪಾನಿನಿಂದ ಬಂದ ಅಸಲು ಕ್ಯಾಸೆಟ್ಟೇ ಆದರೂ ಚಳ್ಳಕೆರೆಯಲ್ಲಿ ಅದು ನಮ್ಮ ನಡಿಗೆಯಲ್ಲೇ ನಡೆಯಿತು. ಈ ರಾಗವನ್ನು ಕಟ್ಟಿದವರು ಇದನ್ನು ಹೀಗೆ ಕೇಳಿರಲಾರರು. ಮೊರಿತಾ ಕೇಳಿಲ್ಲ. ನನಗೆ ಗೊತ್ತಿದ್ದ ಮಟ್ಟಿಗೆ ಇದನ್ನು ಹೀಗೆ ಬಲ್ಲವರು ಇಬ್ಬರೇ.

ಒಬ್ಬಳೇ ಎರಡೂ ಹಿಡಿಗಳನ್ನು ಹಿಡಿದು ಆಡಿ ನೋಡಿದೆ. ಬಲಗೈಯಲ್ಲಿ ನನ್ನ ಹಕ್ಕಿ, ಎಡಗೈಯಲ್ಲಿ ಅವಳದು. ಮೂರನೇ ಸ್ಟೇಜಿನಲ್ಲಿ ಎರಡೂ ಬಿದ್ದವು. ಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಮೊಳಕಾಲ್ಮೂರಿಗೆ ತಂದಿದ್ದೇನೆ. ಈಗ ನಮ್ಮ ಮಗ್ಗದ ಮೇಲೆ 24ನೇ ಸೀರೆ ಏರಿದೆ. ಅಂಚಿನ ಹಕ್ಕಿಗೆ ಅರಗಿನ ಕೆಂಪು, ಕೊಕ್ಕಿನಲ್ಲಿ ಲಕೋಟೆ.

ಇದನ್ನು ಓದುವವರಲ್ಲಿ ಒಂದು ಕೋರಿಕೆ. ಹಕ್ಕಿ ಅಂಚೆಯ ಮೊದಲ ಭಾಗವನ್ನು ಎಲ್ಲಾದರೂ ಆಡಿದವರಿದ್ದರೆ, ಆ ರಾಗ ಕಟ್ಟಿದವರು ಯಾರೆಂದು ತಿಳಿದಿದ್ದರೆ ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ, ನನಗೆ ತಲುಪಿಸುತ್ತಾರೆ. ಏಳನೇ ಸ್ಟೇಜಿನ ಆಚೆ ಏನಿದೆ ಎಂಬುದನ್ನು ಮಾತ್ರ ದಯವಿಟ್ಟು ಬರೆಯಬೇಡಿ. 1998ರ ಬೇಸಿಗೆಗೆ ಮುಂಚೆ ಚಳ್ಳಕೆರೆಯಿಂದ ಆದೋನಿಗೋ ರಾಯಚೂರಿಗೋ ಹೋದ ಒಬ್ಬ ಎಣ್ಣೆ ಮಿಲ್ಲಿನ ಫಿಟ್ಟರ್, ಅವರ ದೊಡ್ಡ ದನಿಯ ಮಗಳು ನಿಮ್ಮ ಕೇರಿಯಲ್ಲಿದ್ದರೆ, ಕ್ಯಾಸೆಟ್ಟು ಸಿಕ್ಕಿದೆ, ಹಕ್ಕಿ ಕೆಂಪಗಿದೆ ಎಂದು ಅವಳಿಗೆ ತಿಳಿಸಿ. ಹೇಳಿ ಕಳಿಸಿದ್ದು ಯಾರೆಂದು ಕೇಳಿದರೆ, ನಸೀಮಾ ಆಪಾ ಅವರ ತಂಗಿ ರತ್ನ ಎಂದು ಹೇಳಿ.